ಐದು ದಿನದಲ್ಲಿ ಇಡೀ ಕರ್ನಾಟಕ ತೋರ್ಸು ಅಂತಾರೆ ನಮ್ ಚಿಕ್ಕಪ್ಪ, ಹಾಸನದಿಂದ ಹೆಂಗ್ ಪ್ಲಾನ್ ಮಾಡ್ಲಿ?

ಹೇಮಾವತಿ ದಡ:

ಎಲ್ರಿಗೂ ನಮಸ್ಕಾರ. ನಮ್ದು ಹಾಸನ ಟೌನು. ದಸರಾ ರಜಕ್ಕೆ ಪುಣೆಯಿಂದ ಚಿಕ್ಕಪ್ಪ ಚಿಕ್ಕಮ್ಮ ಮಕ್ಳು ಎಲ್ಲಾ ಬರ್ತಿದಾರೆ. ಚಿಕ್ಕಪ್ಪ ಊರು ಬಿಟ್ಟು ಮೂವತ್ತು ವರ್ಷದ ಮೇಲಾಯ್ತು, ಮಕ್ಳಿಗೆ ಕನ್ನಡ ಮಾತಾಡಕ್ಕೆ ಬರುತ್ತೆ ಓದಕ್ಕೆ ಬರಲ್ಲ, ಈ ಸಲ ನಮ್ ರಾಜ್ಯ ಅಂದ್ರೆ ಏನು ಅಂತ ಅವ್ರಿಗೆ ತೋರಿಸ್ಲೇಬೇಕು ಅಂತ ಹಠ ಹಿಡಿದು ಮೊನ್ನೆ ರಾತ್ರಿ ಹನ್ನೊಂದೂವರೆಗೆ ವಾಟ್ಸಾಪಲ್ಲಿ ಒಂದು ಲಿಸ್ಟ್ ಕಳ್ಸಿದಾರೆ. ಕೇಳಿ: ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೈಸೂರು ಅರಮನೆ, ಚಿಕ್ಕಮಗ್ಳೂರು ಗಿರಿ, ಶೃಂಗೇರಿ, ಜೋಗ, ಹಂಪಿ, ಬಾದಾಮಿ, ಗೋಳಗುಮ್ಮಟ, ಕೊನೇಲಿ "ಟೈಮ್ ಸಿಕ್ಕರೆ ಬೀದರ್".

ಇರೋದು ಐದು ದಿನ. ಒಂದು ಎರ್ಟಿಗಾ, ಓಡ್ಸೋನು ನಾನೊಬ್ನೇ. ಒಟ್ಟು ಆರು ಜನ. ಅಮ್ಮನಿಗೆ ಮಂಡಿನೋವು, ಹತ್ತು ಮೆಟ್ಲು ಹತ್ತಿದ್ರೆ ಹನ್ನೊಂದನೇದ್ರ ಮೇಲೆ ಕೂತ್ಕೊತಾರೆ. ಚಿಕ್ಕಪ್ಪನ ಮಗಳು ಆರ್ಕಿಟೆಕ್ಚರ್ ಓದ್ತಿದಾಳೆ, ಅವಳಿಗೆ ಒಂದು ಹಳೇ ಕಂಬ ಸಿಕ್ಕಿದ್ರೆ ಸಾಕು ಮಧ್ಯಾಹ್ನದ ಊಟ ಮರೀತಾಳೆ. ಮಗ ಎಂಟನೇ ಕ್ಲಾಸು, ಫೋನು ಬಿಟ್ರೆ ಬೇರೆ ಪ್ರಪಂಚ ಇಲ್ಲ. ಚಿಕ್ಕಮ್ಮ ಏನೂ ಕೇಳಲ್ಲ, ಒಳ್ಳೆ ಕಾಫಿ ಸಿಕ್ಕಿದ್ರೆ ಆಯ್ತು ಅಂತಾರೆ.

ಇನ್ನೊಂದು ನಾಚಿಕೆ ವಿಷ್ಯ ಹೇಳ್ಬಿಡ್ತೀನಿ. ಹಾಸನದಲ್ಲೇ ಹುಟ್ಟಿ ಬೆಳೆದು ನಾನು ಸರಿಯಾಗಿ ನೋಡಿರೋದು ಬೇಲೂರು ಹಳೇಬೀಡು ಬೆಳಗೊಳ ಇಷ್ಟೇ, ಅದೂ ನೆಂಟ್ರು ಬಂದಾಗ, ಅದೂ ಚಪ್ಪಲಿ ಕಾಯೋ ಕೆಲ್ಸ. ಏನ್ ಮಾಡ್ಲಿ ಹೇಳಿ, ಬೈಬೇಡಿ.

ಬೈಪಾಸ್ ಬಸವ:

ಚಿಕ್ಕಪ್ಪಂಗೆ ಬರ್ತಾ ಹೆಲಿಕಾಪ್ಟರ್ ತರಕ್ಕೇಳಿ ಗುರು.

ಬಳಪದ ಕಲ್ಲು:

ಬಸವಣ್ಣ ತಮಾಷೆಗೆ ಹೇಳಿದ್ರೂ ಮಾತು ಸರಿನೇ. ಹಾಸನದಿಂದ ಬೀದರ್‌ಗೆ ಏಳ್ನೂರು ಕಿಲೋಮೀಟರ್ ಹತ್ರ ಹತ್ರ ಆಗುತ್ತೆ, ಹಂಪಿಗೇ ಮುನ್ನೂರರ ಮೇಲೆ. ಆ ಲಿಸ್ಟ್ ಪ್ರಕಾರ ಹೋದ್ರೆ ಮಕ್ಳು ನೋಡೋದು ಕರ್ನಾಟಕನಲ್ಲ, ಟೋಲ್ ಗೇಟು. ಮೊದ್ಲು ಹಂಪಿ, ಬಾದಾಮಿ, ವಿಜಯಪುರ, ಬೀದರ್ ಅಷ್ಟಕ್ಕೂ ಒಂದು ಅಡ್ಡಗೆರೆ ಎಳೀರಿ. ಜೋಗನೂ ಬಿಡಿ. ಮೈಸೂರೂ ಇನ್ನೊಂದ್ಸಲಕ್ಕೆ ಇಟ್ಕೊಳ್ಳಿ.

ಇನ್ನು ನಾನು ಹೇಳೋದು ನಿಮ್ಮನೆ ಹಿತ್ಲಲ್ಲಿ ಇರೋದ್ರ ಬಗ್ಗೆ. ನೀವು ಹಾಸನದಿಂದ ಬೇಲೂರಿಗೆ ಎಷ್ಟು ಸಲ ಹೋಗಿದೀರೋ ಅಷ್ಟು ಸಲ ದೊಡ್ಡಗದ್ದವಳ್ಳಿ ಕ್ರಾಸ್ ದಾಟಿ ಹೋಗಿದೀರ. ಊರಿಂದ ಇಪ್ಪತ್ತು ಕಿಲೋಮೀಟರ್ ಒಳಗೆ. ಅಲ್ಲಿ ಲಕ್ಷ್ಮೀದೇವಿ ದೇವಸ್ಥಾನ ಇದೆ, ಬೇಲೂರಿನ ಚೆನ್ನಕೇಶವನಿಗಿಂತ ಮೂರ್ನಾಲ್ಕು ವರ್ಷ ಮುಂಚಿಂದು. ಕಟ್ಸಿದ್ದು ರಾಜ ಅಲ್ಲ, ಕುಲ್ಲಹಣ ರಾಹುತ ಅನ್ನೋ ವ್ಯಾಪಾರಿ ಮತ್ತೆ ಅವನ ಹೆಂಡ್ತಿ ಸಹಜಾದೇವಿ. ನಾಲ್ಕು ಗರ್ಭಗುಡಿ ಇರೋ ದೇವಸ್ಥಾನ, ಹೊಯ್ಸಳರದ್ರಲ್ಲಿ ಅದು ತುಂಬಾ ಅಪರೂಪ. ಗೋಡೆ ಮೇಲೆ ಬೇಲೂರಿನ ಥರ ಕುಸುರಿ ಹುಡುಕ್ಬೇಡಿ, ಗೋಡೆ ಬಹಳ ಸಾದಾ, ಅದೇ ಅದ್ರ ಚೆಂದ. ಕಾಳಿ ಗುಡಿ ಬಾಗ್ಲಲ್ಲಿ ಎರಡು ಬೇತಾಳ ನಿಂತಿದಾವೆ, ಪಕ್ಕೆಲುಬು ಒಂದೊಂದೂ ಎಣಿಸ್ಬಹುದು, ಹೊಟ್ಟೆ ಒಳಗೆ ಹೋಗಿ ಬೆನ್ನಿಗೆ ಅಂಟಿರೋ ಹಾಗೆ. ಎಂಟನೇ ಕ್ಲಾಸ್ ಹುಡ್ಗ ಫೋನ್ ಜೇಬಿಗೆ ಹಾಕ್ತಾನೋ ಇಲ್ವೋ ಅಲ್ಲಿ ನೋಡಿ. ಪಕ್ಕದಲ್ಲೇ ಕೆರೆ. ಮೆಟ್ಲು ಅಂತ ಹೇಳೋ ಅಷ್ಟು ಮೆಟ್ಲೇ ಇಲ್ಲ, ಅಮ್ಮನಿಗೆ ತೊಂದ್ರೆ ಇಲ್ಲ. ಒಂದೇ ಕಂಡೀಷನ್ನು, ಬೀಗ ಹಾಕಿದ್ರೆ ಗಾಬರಿ ಬೀಳ್ಬೇಡಿ, ಊರೊಳಗೆ ಯಾರನ್ನಾದ್ರೂ ಕೇಳಿ, ಬೀಗದ ಕೈ ಯಾರತ್ರ ಇದೆ ಅಂತ ಹೇಳ್ತಾರೆ.

ಹಂಗೇ ಅರಸೀಕೆರೆ ರೋಡಲ್ಲಿ ಹತ್ತು ಹನ್ನೆರಡು ಕಿಲೋಮೀಟರ್‌ಗೆ ಕೋರವಂಗಲ. ಬೂಚೇಶ್ವರ, 1173ರದ್ದು, ವೀರಬಲ್ಲಾಳ ಪಟ್ಟಕ್ಕೆ ಬಂದ ಖುಷಿಗೆ ಅವನ ಅಧಿಕಾರಿ ಬೂಚಿ ಕಟ್ಟಿಸಿದ್ದು. ಶಿವ ಒಂದ್ಕಡೆ, ಎದುರಿಗೆ ಸೂರ್ಯ, ಇಬ್ರೂ ಒಬ್ರನ್ನೊಬ್ರು ನೋಡ್ತಾ ಕೂತಿರೋ ಪ್ಲಾನು. ನಿಮ್ ಆರ್ಕಿಟೆಕ್ಚರ್ ತಂಗಿಗೆ ಇಷ್ಟು ಹೇಳಿ, ಉಳಿದದ್ದು ಅವಳೇ ನೋಡ್ಕೊತಾಳೆ. ಆಮೇಲೆ ಮೊಸಳೆ, ಹೌದು ಊರ ಹೆಸ್ರೇ ಮೊಸಳೆ, ಅಲ್ಲಿ ನಾಗೇಶ್ವರ ಚೆನ್ನಕೇಶವ ಅಂತ ಒಂದೇ ಅಚ್ಚಿನ ಎರಡು ದೇವಸ್ಥಾನ ಅಕ್ಕಪಕ್ಕ, ಅವಳಿ ಮಕ್ಳ ಥರ.

ಇವೆಲ್ಲ ಸೇರಿ ಒಂದು ದಿನ ಸಾಕು, ಡೀಸೆಲ್ಲೂ ಜಾಸ್ತಿ ಆಗಲ್ಲ.

ಹೇಮಾವತಿ ದಡ:

ನಮ್ದು ಪೆಟ್ರೋಲ್ ಗಾಡಿ ಸಾರ್ ಅದೇ ಸಮಸ್ಯೆ. ದೊಡ್ಡಗದ್ದವಳ್ಳಿ ಕ್ರಾಸಲ್ಲಿ ಎಳನೀರು ಕುಡ್ದಿದೀನಿ ಹತ್ತು ಸಲ, ಒಳಗೆ ಹೋಗಿಲ್ಲ. ಥ್ಯಾಂಕ್ಸ್.

ಯಗಚಿ ನೀರು:

ಬಳಪದ ಕಲ್ಲು ಸಾರ್ ಹೇಳಿದ್ದೆಲ್ಲ ಸರಿ, ಆದ್ರೆ ಇತ್ತೀಚೆಗೆ ಒಂದು ಫ್ಯಾಷನ್ ಆಗ್ಬಿಟ್ಟಿದೆ, ಯಾರೂ ನೋಡದೇ ಇರೋ ಜಾಗ ನೋಡಿದ್ರೇನೇ ದೊಡ್ಡೋರು ಅಂತ. ಮೊದಲ ಸಲ ಬರೋ ಮಕ್ಳಿಗೆ ಬೇಲೂರು ಹಳೇಬೀಡು ಬಿಟ್ಟು ಮೊಸಳೆ ತೋರಿಸ್ತೀರಾ? 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ಪಟ್ಟಿಗೆ ಸೇರಿದ್ದು ಸುಮ್ನೇನಾ. ನೋಡೋ ರೀತಿ ಬದಲಾಯ್ಸಿ, ಜಾಗ ಬದಲಾಯಿಸ್ಬೇಡಿ.

ನಾನು ಬೇಲೂರಿನವನೇ. ದಿನಾ ನೋಡ್ತೀನಿ, ಬಸ್ಸಿಂದ ಇಳೀತಾರೆ, ಇಪ್ಪತ್ತು ನಿಮಿಷ, ದರ್ಪಣ ಸುಂದರಿ ಮುಂದೆ ಒಂದು ಸೆಲ್ಫಿ, ಆ ದೊಡ್ಡ ಕಂಬದ ಬುಡದಲ್ಲಿ ಟವಲ್ ತೂರ್ಸೋ ಆಟ, ಹೊರಟ್ರು. ಆ 42 ಅಡಿ ಕಂಬ ತಳಪಾಯ ಇಲ್ದೆ ಸುಮ್ನೆ ಜಗತಿ, ಅಂದ್ರೆ ಕಲ್ಲಿನ ಕಟ್ಟೆ, ಅದ್ರ ಮೇಲೆ ನಿಂತಿರೋದು ನಿಜ, ನೋಡ್ಲೇಬೇಕು, ಆದ್ರೆ ಅದೇ ಬೇಲೂರು ಅಲ್ವಲ್ಲ. ನನ್ನ ಮಾತು ಕೇಳಿ, ಸಂಜೆ ನಾಲ್ಕರ ಮೇಲೆ ಬನ್ನಿ, ಬಿಸ್ಲು ಓರೆಯಾದಾಗ ಮದನಿಕೆಯರ ಬಳೆ ಒಡವೆ ಎಲ್ಲಾ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತೆ. ಹೊರಗೆ 38 ಒಳಗೆ 4. ಎಲ್ಲಾನೂ ನೋಡಕ್ಕೆ ಹೋಗ್ಬೇಡಿ, ನಾಲ್ಕು ಆರಿಸ್ಕೊಳ್ಳಿ. ಮದನಿಕೆ ಅಷ್ಟೇ ಅಲ್ಲ, ಅವಳ ತಲೆ ಮೇಲೆ ಬಳ್ಳಿ ಇರುತ್ತಲ್ಲ, ಅದ್ರಲ್ಲಿ ಹಣ್ಣು, ಹಣ್ಣಿನ ಮೇಲೆ ನೊಣ, ಆ ನೊಣ ಹಿಡಿಯಕ್ಕೆ ಹೊಂಚು ಹಾಕಿರೋ ಹಲ್ಲಿ. ಆ ಹಲ್ಲಿ ಎಲ್ಲಿದೆ ಅಂತ ನಾನು ಹೇಳಲ್ಲ, ಹುಡುಗನಿಗೆ ಹುಡುಕಕ್ಕೆ ಬಿಡಿ.

ಆಮೇಲೆ ಜಕಣಾಚಾರಿ ಕಥೆ. ಗೈಡ್‌ಗಳು ಕಪ್ಪೆ ಚೆನ್ನಿಗರಾಯನ ಹೊಟ್ಟೆಯಿಂದ ಕಪ್ಪೆ ಹಾರಿದ ಕಥೆ ಹೇಳಿ ಕಣ್ಣಲ್ಲಿ ನೀರು ತರಿಸ್ತಾರೆ, ಕೇಳಕ್ಕೆ ಚೆನ್ನಾಗಿದೆ, ನನಗೂ ಇಷ್ಟ. ಆದ್ರೆ ಬೇಲೂರಿನ ವಿಗ್ರಹಗಳ ಕೆಳಗೆ ಶಿಲ್ಪಿಗಳು ತಮ್ಮ ಹೆಸರು ತಾವೇ ಕೆತ್ತಿದಾರೆ, ಅದ್ರಲ್ಲಿ ಜಕಣಾಚಾರಿ ಇಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ಇದೆ. ಬಳ್ಳಿಗಾವೆ ಎಲ್ಲಿ, ಶಿವಮೊಗ್ಗ ಜಿಲ್ಲೆ ಶಿಕಾರಿಪುರದ ಕಡೆ. ಅಪ್ಪ ಮಗ ಇಬ್ರೂ ಅಲ್ಲಿಂದ ಇಲ್ಲಿಗೆ ಕೆಲ್ಸಕ್ಕೆ ಬಂದೋರು. ಕನ್ನಡ ಓದಕ್ಕೆ ಬರ್ದಿರೋ ಮಕ್ಳಿಗೆ ಆ ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿ, ನಮ್ಗೂ ಓದಕ್ಕೆ ಬರಲ್ಲ ಅದು ಬೇರೆ ಮಾತು, ಹಳಗನ್ನಡ ಲಿಪಿ.

ಬೈಪಾಸ್ ಬಸವ:

ಹಲ್ಲಿ ಎಲ್ಲಿದೆ ಹೇಳಿ ಸಾರ್ ನಾನೂ ಮೂರು ಸಲ ಹೋಗಿದೀನಿ ಕಂಡಿಲ್ಲ

ಯಗಚಿ ನೀರು:

ನಾಲ್ಕನೇ ಸಲ ಬನ್ನಿ.

ಬಾಗಲಕೋಟಿ ರೊಟ್ಟಿ:

ನಮಸ್ಕಾರ ರೀ. ನಿಮ್ಮ ಕಡೆ ಮಂದಿ ಲಿಸ್ಟ್ ಮಾಡೂ ಮುಂದ ಬಾದಾಮಿ ಬರೀತಾರ, ಕೊನಿಗೆ ಮೊದಲ ಅಡ್ಡಗೆರಿ ಬೀಳೂದೂ ಬಾದಾಮಿಗೇನ, ಇದು ಯಾವಾಗ್ಲೂ ಇದ್ದದ್ದ. ಸಿಟ್ಟಿಲ್ರಿ, ಬಳಪದ ಕಲ್ಲು ಅವರು ಹೇಳಿದ್ದು ಖರೇನ ಐತಿ, ಐದು ದಿನದಾಗ ಆಗೂದುಲ್ಲ. ಆದ್ರ ಒಂದ ಮಾತು. ಆರ್ಕಿಟೆಕ್ಚರ್ ಓದೂ ಹುಡಿಗಿ ಹಳೇಬೀಡು ನೋಡಿ ಇಷ್ಟ ಅಂತ ತಿಳ್ಕೊಂಡು ಪುಣೆಕ್ಕ ಹೋಗಬಾರದು. ಹೊಯ್ಸಳರು ಹುಟ್ಟೂಕಿಂತ ಐನೂರು ವರ್ಷ ಮೊದಲ ನಮ್ಮ ಕಡೆ ಕಲ್ಲಿನ ಜೋಡಿ ಮಾತಾಡೂದು ಚಾಲೂ ಆಗಿತ್ತು. ಬಾದಾಮಿ ಮೂರನೇ ಗವಿ 578ನೇ ಇಸ್ವಿದು, ಮಂಗಲೇಶ ಮಾಡಿಸಿದ್ದು, ಗುಡ್ಡಾನ ಕಡದು ಒಳಗ ಹೊಕ್ಕಾರ. ಅದು ಮರಳುಗಲ್ಲು, ಸಂಜಿಮುಂದ ಕೆಂಡದಂಗ ಕಾಣತೈತಿ. ಐಹೊಳಿ ಮೇಗುಟಿ ಗುಡಿಯಾಗ 634ರ ರವಿಕೀರ್ತಿ ಶಾಸನ. ಪಟ್ಟದಕಲ್ಲು 1987ರಾಗ ಯುನೆಸ್ಕೊಕ್ಕ ಸೇರೇತಿ, ನಿಮ್ಮ ಬೇಲೂರಕಿಂತ ಮೂವತ್ತಾರು ವರ್ಷ ಮೊದಲ, ಹೇಳಿಬಿಡ್ರಿ ಯಗಚಿ ಅವರಿಗೆ. ಅಲ್ಲಿ ವಿರೂಪಾಕ್ಷ ಗುಡಿ ಕಟ್ಟಿಸಿದಾಕಿ ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದದ್ದಕ್ಕ.

ಈ ಸಲ ಬ್ಯಾಡ. ಮುಂದಿನ ಸಲ ಗಾಡಿ ತರಬ್ಯಾಡ್ರಿ. ನಿಮ್ಮ ಅರಸೀಕೆರಿಗೆ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಬರತೈತಿ, ರಾತ್ರಿ ಮಲ್ಕೊಂಡ್ರ ಬಾದಾಮಿ ಸ್ಟೇಷನ್ನಿನ್ಯಾಗ ಇಳೀಬಹುದು, ಅದ ಗಾಡಿ ಮುಂದ ವಿಜಾಪುರಕ್ಕ ಹೊಕ್ಕೈತಿ. ಗವಿ ಹತ್ರ ಮಂಗ್ಯಾ ಭಾಳ, ಕೈಯಾಗ ಚೀಲ ಹಿಡೀಬ್ಯಾಡ್ರಿ. ಮಧ್ಯಾಹ್ನ ಬನಶಂಕರಿ ಗುಡಿ ಮುಂದ ಬುಟ್ಟಿಯೊಳಗ ರೊಟ್ಟಿ ತಂದು ಮಾರ್ತಾರ ಹೆಣಮಕ್ಕಳು, ಗಡಿಗಿ ಮೊಸರು, ಕೆಂಪ ಚಟ್ನಿ. ಅಲ್ಲೇ ಕುಂತ ಉಣ್ರಿ.

ಗಿರಿ ಕೆಳಗಿನವ:

ಚಿಕ್ಕಮಗಳೂರು ಕಡೆಯಿಂದ ಯಾರೂ ಬರ್ದಿಲ್ಲ ಅಂತ ಬರೀತಿದೀನಿ ಮಾರಾಯ್ರೆ. ಮೊದ್ಲೇ ಹೇಳ್ತೀನಿ, ದಸರಾ ರಜದ ಶನಿವಾರ ಭಾನುವಾರ ಮುಳ್ಳಯ್ಯನಗಿರಿಗೆ ಹೋಗೋ ಯೋಚನೆ ಇದ್ರೆ ಬಿಟ್ಬಿಡಿ. 1930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ, ಎಲ್ಲ ಸರಿ, ಆದ್ರೆ ಆ ರೋಡು ಒಂದು ಗಾಡಿ ಅಗಲ, ಎದುರಿಂದ ಒಂದು ಟೆಂಪೋ ಟ್ರಾವೆಲರ್ ಬಂದ್ರೆ ಹಿಂದೆ ಅರ್ಧ ಕಿಲೋಮೀಟರ್ ರಿವರ್ಸ್ ಬರ್ಬೇಕು, ಒಂದು ಕಡೆ ಪ್ರಪಾತ. ಹೋಗೋದಾದ್ರೆ ವಾರದ ಮಧ್ಯೆ, ಬೆಳಗ್ಗೆ ಆರೂವರೆ ಏಳಕ್ಕೆ ಕೈಮರ ಚೆಕ್‌ಪೋಸ್ಟ್ ದಾಟಿರ್ಬೇಕು. ಗಿರಿಗೆ ಬಿಡೋ ಗಾಡಿಗಳ ರೂಲ್ಸ್ ಆಗಾಗ ಬದಲಾಗ್ತಿರುತ್ತೆ, ಹೊರಡೋ ಹಿಂದಿನ ದಿನ ವಿಚಾರಿಸ್ಕೊಳ್ಳಿ. ಗಾಡಿ ನಿಲ್ಸಿದ ಮೇಲೂ ಮೆಟ್ಲು ಇದೆ, ಅಮ್ಮನಿಗೆ ಆಗಲ್ಲ, ಅವ್ರಿಗೆ ಸೀತಾಳಯ್ಯನಗಿರಿ ಸಾಕು, ಗಾಡಿ ಹತ್ರದ ತನಕ ಹೋಗುತ್ತೆ, ದೇವಸ್ಥಾನದ ಮುಂದೆ ಕೂತ್ಕೊಂಡ್ರೆ ಮಂಜು ತಾನಾಗೇ ಮೈಮೇಲೆ ಬರುತ್ತೆ.

ಬಾಬಾಬುಡನ್‌ಗಿರಿಗೆ ಹೋದ್ರೆ ಚಿಕ್ಕಮ್ಮನಿಗೆ ಹೇಳಿ, ನೀವು ದಿನಾ ಕುಡಿಯೋ ಕಾಫಿ ದೇಶದೊಳಗೆ ಬಂದಿದ್ದು ಈ ಬೆಟ್ಟದಿಂದ ಅಂತ, 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಇಲ್ಲಿ ಬಿತ್ತಿದ್ರು ಅಂತ ಹೇಳ್ತಾರೆ. ಆದ್ರೆ ಅಕ್ಟೋಬರ್‌ನಲ್ಲಿ ತೋಟದಲ್ಲಿ ಕೆಂಪು ಹಣ್ಣು ನೋಡ್ತೀವಿ ಅಂತ ಬರ್ಬೇಡಿ, ಆಗ ಇನ್ನೂ ಕಾಯಿ ಹಸಿರು, ಅರೇಬಿಕಾ ಹಣ್ಣಾಗೋದು ನವೆಂಬರ್ ಡಿಸೆಂಬರ್. ಹೂವು ನೋಡ್ಬೇಕಂದ್ರೆ ಮಾರ್ಚ್ ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದು ಒಂದು ವಾರಕ್ಕೆ ಬನ್ನಿ, ಇಡೀ ಊರು ಮಲ್ಲಿಗೆ ಮುಡಿದ ಹಾಗೆ ಇರುತ್ತೆ. ಕಾಫಿ ಪುಡಿ ತಗೊಳ್ಳೋವಾಗ ಚಿಕೋರಿ ಎಷ್ಟು ಪರ್ಸೆಂಟ್ ಅಂತ ಕೇಳಿ ತಗೊಳ್ಳಿ, ಕೇಳ್ದಿದ್ರೆ ಅವ್ರೂ ಹೇಳಲ್ಲ.

ಹೋಂಸ್ಟೇ ವಿಷ್ಯದಲ್ಲಿ ಹುಷಾರು. ಹೋದ ವರ್ಷ ನಮ್ಮ ಅಕ್ಕನ ಮನೆಯವ್ರಿಗೆ ಫೋಟೋದಲ್ಲಿ ಕಣಿವೆ ತೋರ್ಸಿ ಬುಕ್ ಮಾಡಿಸ್ಕೊಂಡ್ರು, ಬಂದು ಕಿಟಕಿ ತೆಗೆದ್ರೆ ಪಕ್ಕದ ಬಿಲ್ಡಿಂಗಿನ ನೀರಿನ ಟ್ಯಾಂಕು. ಅಡ್ವಾನ್ಸ್ ವಾಪಸ್ ಕೊಡ್ಲಿಲ್ಲ. ನಿಮಗೆ ಹಾಸನದಲ್ಲೇ ಮನೆ ಇದೆ, ಅರವತ್ತೈದು ಕಿಲೋಮೀಟರ್, ಬೆಳಗ್ಗೆ ಬಂದು ರಾತ್ರಿ ವಾಪಸ್ ಹೋಗಿ.

ಇನ್ನೊಂದು, ಯಾರೂ ಹೇಳ್ಲಿಲ್ಲ. ಹಳೇಬೀಡಿಂದ ಚಿಕ್ಕಮಗಳೂರಿಗೆ ಬರೋ ದಾರೀಲಿ ಬೆಳವಾಡಿ. ಹಳೇಬೀಡಿಂದ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ. ಬಾಗ್ಲಲ್ಲಿ ಎರಡು ಆನೆ, ಒಳಗೆ ಹೋದ್ರೆ ಮುಗಿಯದೇ ಇರೋ ಥರ ಕಂಬಗಳು, ಯಂತ್ರದಲ್ಲಿ ತಿರುಗಿಸಿ ಉಜ್ಜಿರೋ ಹಾಗೆ ನುಣುಪು, ಮುಖ ಕಾಣುತ್ತೆ ಅದ್ರಲ್ಲಿ. ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ ಮೂರು ಗುಡಿ. ಬಕಾಸುರನ್ನ ಭೀಮ ಕೊಂದ ಏಕಚಕ್ರನಗರ ಇದೇ ಅಂತ ಊರವ್ರ ನಂಬಿಕೆ. ಎಂಟನೇ ಕ್ಲಾಸಿನವ್ನಿಗೆ ಬಂಡಿ ಅನ್ನದ ಕಥೆ ಅಲ್ಲೇ ಹೇಳಿ. ಟೈಮ್ ಇದ್ರೆ ತರೀಕೆರೆ ಹತ್ರ ಅಮೃತಾಪುರದ ದೇವಸ್ಥಾನ, 1196ರದ್ದು, ಸುತ್ತ ಗೋಡೆ ಮೇಲೆ ರಾಮಾಯಣ ಮಹಾಭಾರತ ಭಾಗವತ ಎಲ್ಲಾ ಸೇರಿ 140 ಫಲಕ, ಅಲ್ಲಿನ ಶಾಸನ ಬರ್ದಿದ್ದು ಕವಿ ಜನ್ನ. ಆದ್ರೆ ಅದು ದೂರ ಆಗುತ್ತೆ ನಿಮಗೆ, ಒತ್ತಾಯ ಇಲ್ಲ.

ಬಳಪದ ಕಲ್ಲು:

ಬೆಳವಾಡಿ ಮರೆತೇ ಬಿಟ್ಟಿದ್ದೆ, ತಪ್ಪಾಯ್ತು. ಅಮೃತಾಪುರದಲ್ಲಿ ಕೆತ್ತಿದ ಮಲ್ಲಿತಮ್ಮನ ಹೆಸ್ರೇ ಮುಂದೆ ಸೋಮನಾಥಪುರದಲ್ಲೂ ಸಿಗುತ್ತೆ, ಅದು ಅರವತ್ತು ವರ್ಷಕ್ಕೂ ಆಮೇಲಿಂದು. ಒಬ್ನೇನಾ ಅಥ್ವಾ ಅದೇ ಹೆಸರಿನ ಇನ್ನೊಬ್ನಾ ಅಂತ ಕೂತು ಜಗಳ ಆಡ್ಬಹುದು ಅಷ್ಟು ವರ್ಷದ ಅಂತರ.

ಹಳೇಬೀಡಿಗೆ ಒಂದು ಟಿಪ್ಸು. ಮ್ಯೂಸಿಯಂ ಶುಕ್ರವಾರ ರಜೆ, ದೇವಸ್ಥಾನಕ್ಕಲ್ಲ. ಗೋಡೆ ಕೆಳಗಿಂದ ಮೇಲಕ್ಕೆ ಓದಿ: ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಅದ್ರ ಮೇಲೆ ಕಥೆಗಳು, ಮಕರ, ಹಂಸ. ಭಾರ ಹೊರೋ ಆನೆ ಕೆಳಗೆ, ಹಾರೋ ಹಂಸ ಮೇಲೆ. ನಮ್ಮ ಮೇಷ್ಟ್ರು ಒಬ್ರು ಹೇಳ್ಕೊಟ್ಟಿದ್ದು ಇದು, ಆಮೇಲೆ ಗೈಡ್ ಬೇಕು ಅನ್ಸಲಿಲ್ಲ. ಹೊರಗೆ ಬಂದು ಜೈನ ಬಸದಿ ನೋಡದೇ ಬರ್ಬೇಡಿ, ಬಸದಿಹಳ್ಳಿ, ಅಲ್ಲೇ ಹತ್ರ. ನೂರು ಜನ ಬಸ್ಸಲ್ಲಿ ಬಂದ್ರೆ ಐದು ಜನ ಅಲ್ಲಿಗೆ ಹೋಗಲ್ಲ. ಪಾರ್ಶ್ವನಾಥನ ಮುಂದಿನ ಕಂಬದ ಹತ್ರ ನಿಂತು ಕೈ ಬೀಸಿ, ನಿಮ್ಮ ಕೈ ಅದ್ರಲ್ಲಿ ಕಾಣುತ್ತೆ.

ಇಂದ್ರಗಿರಿ ಮೆಟ್ಲು:

ಶ್ರವಣಬೆಳಗೊಳಕ್ಕೆ ಮಂಡಿನೋವಿನವ್ರನ್ನ ಕರ್ಕೊಂಡು ಹೋಗೋದಾದ್ರೆ ನಮ್ಮನೆ ಅನುಭವ ಕೇಳಿ. ದೊಡ್ಡಬೆಟ್ಟ ಆರ್ನೂರು ಚಿಲ್ಲರೆ ಮೆಟ್ಲು, ಬಂಡೇಲೇ ಕಡಿದಿರೋದು, ಚಪ್ಪಲಿ ಇಲ್ಲ. ನಾವು ಬುದ್ಧಿ ಇಲ್ದೆ ಹನ್ನೊಂದು ಗಂಟೆಗೆ ಹತ್ತಕ್ಕೆ ಶುರು ಮಾಡಿದ್ವಿ, ಹತ್ತೋವಾಗ ಗೊತ್ತಾಗ್ಲಿಲ್ಲ, ಇಳಿಯೋವಾಗ ಮಧ್ಯಾಹ್ನ ಒಂದೂವರೆ ಗಂಟೆ, ನಮ್ಮ ಮಾವ ಎರಡು ಮೆಟ್ಲಿಗೊಂದು ಸಲ ಕಾಲೆತ್ತಿ ಕುಣೀತಾ ಇಳಿದ್ರು. ಅವತ್ತಿಂದ ಅವ್ರ ಮುಂದೆ ಗೊಮ್ಮಟ ಅನ್ನಂಗಿಲ್ಲ. ಬೆಳಗ್ಗೆ ಬೇಗ ಹೋಗಿ, ಸಾಕ್ಸ್ ಹಾಕ್ಕೊಳ್ಳಿ, ದಪ್ಪದ್ದು. ಡೋಲಿ ಸಿಗುತ್ತೆ, ನಾಲ್ಕು ಜನ ಹೊತ್ಕೊಂಡು ಹೋಗ್ತಾರೆ, ಅಮ್ಮನಿಗೆ ಮುಜುಗರ ಆಗ್ಬಹುದು, ಮೊದ್ಲೇ ಮಾತಾಡಿ ಒಪ್ಸಿ. ಒಪ್ಪದೇ ಇದ್ರೆ ಕೆಳಗೆ ಊರೊಳಗೆ ಅಕ್ಕನ ಬಸದಿ ಇದೆ, ಒಬ್ಬ ಮಂತ್ರಿ ಹೆಂಡ್ತಿ ಆಚಿಯಕ್ಕ ಕಟ್ಟಿಸಿದ್ದು, ಹೊಯ್ಸಳ ಶೈಲಿ, ತಣ್ಣಗೆ ಕೂರ್ಬಹುದು.

ಮೇಲೆ ಹೋದೋರು 58 ಅಡಿ ಗೊಮ್ಮಟನ್ನ ನೋಡಿ ಫೋಟೋ ತಗೊಂಡು ಇಳೀತಾರೆ. ಮೂರ್ತಿ ಪಾದದ ಹತ್ರ ಎರಡೂ ಕಡೆ ಹುತ್ತ, ಹುತ್ತದಿಂದ ಇಣುಕೋ ಹಾವು, ತೊಡೆ ತೋಳು ಸುತ್ತಿ ಹತ್ತಿರೋ ಬಳ್ಳಿ. ಹುತ್ತದ ಪಕ್ಕ ಇರೋ ಬರಹದಲ್ಲಿ ಚಾವುಂಡರಾಯ ಮಾಡಿಸಿದ್ದು ಅಂತ ಇದೆ, ಕನ್ನಡ ಇದೆ, ತಮಿಳಿದೆ, ಹಳೇ ಮರಾಠಿನೂ ಇದೆ. ಪುಣೆ ಮಕ್ಳು ಅಂದ್ರಲ್ಲ, ಅವ್ರಿಗೆ ನಾಗರಿ ಅಕ್ಷರ ಓದಕ್ಕೆ ಬರುತ್ತೆ, ಅವ್ರೇ ಓದಿ ನಿಮಗೆ ಹೇಳ್ಲಿ.

ಚಿಕ್ಕಪ್ಪ ದಸರಾ ಬಿಟ್ಟು ದೀಪಾವಳಿಗೆ ಬರ್ತೀನಿ ಅಂದ್ರೆ ಮಾತ್ರ ತಡೀರಿ. ಹಾಸನಾಂಬ ಬಾಗ್ಲು ತೆಗೆದಿರುತ್ತೆ, ಟೌನಲ್ಲಿ ಗಾಡಿ ನಿಲ್ಸಕ್ಕೆ ಜಾಗ ಇರಲ್ಲ, ಧರ್ಮದರ್ಶನದ ಕ್ಯೂ ಎಲ್ಲಿ ಶುರು ಆಗುತ್ತೆ ಅಂತ ನಿಮಗೇ ಗೊತ್ತು.

ಸಕಲೇಶಪುರ ಪ್ಯಾಸೆಂಜರ್:

ಒಂದು ಅರ್ಧ ದಿನ ಮಂಜರಾಬಾದ್ ಕೋಟೆ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆ ನಕ್ಷತ್ರ. ಮೆಟ್ಲಿದೆ, ಅಮ್ಮ ಗಾಡೀಲೇ. ಶೆಟ್ಟಿಹಳ್ಳಿ ಚರ್ಚ್ ಕೇಳ್ತಾರೆ ರೀಲ್ಸ್ ಹುಡುಗ್ರು, ಗೊರೂರು ಡ್ಯಾಂ ತುಂಬಿದ್ರೆ ಅರ್ಧ ನೀರಲ್ಲಿರುತ್ತೆ, ದಡದಿಂದ ನೋಡಿ, ಗೋಡೆ ಹತ್ರ ಹೋಗ್ಬೇಡಿ, ಇತ್ತೀಚೆಗೆ ಒಂದು ಭಾಗ ಬಿದ್ದೂ ಹೋಗಿದೆ. ಅಮ್ಮನಿಗೆ ಕೂತಲ್ಲೇ ತೋರಿಸ್ಬೇಕಂದ್ರೆ ಹಾಸನದಿಂದ ಹಗಲು ಟ್ರೈನು, ಸಕಲೇಶಪುರ ದಾಟಿ ಸುಬ್ರಹ್ಮಣ್ಯ ರೋಡ್ ತನಕ. ಐವತ್ತರ ಮೇಲೆ ಸುರಂಗ, ಲೆಕ್ಕ ಇಡೋ ಕೆಲ್ಸ ಹುಡುಗನಿಗೆ ಕೊಡಿ.

ಹೇಮಾವತಿ ದಡ:

ಎಲ್ರಿಗೂ ಥ್ಯಾಂಕ್ಸ್, ಹೋಗಿ ಬಂದು ಹತ್ತು ದಿನ ಆಯ್ತು, ಏನಾಯ್ತು ಅಂತ ಬರೀದಿದ್ರೆ ಬೈತೀರ ಅಂತ ಕೂತಿದೀನಿ.

ಲಿಸ್ಟ್ ಕಡಿಮೆ ಮಾಡೋದಕ್ಕೇ ಚಿಕ್ಕಪ್ಪನ ಜೊತೆ ಎರಡು ದಿನ ಜಗಳ. ಕೊನೆಗೆ ಮ್ಯಾಪ್ ತೆಗೆದು ಹಾಸನದಿಂದ ಬೀದರ್ ತನಕ ಬೆರಳು ಓಡ್ಸಿ ತೋರಿಸ್ದೆ, ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು "ಇಷ್ಟು ದೊಡ್ಡದಾ ನಮ್ ರಾಜ್ಯ" ಅಂದ್ರು. ಬೀದರ್‌ಗೆ ಹಾಸನಕ್ಕಿಂತ ಪುಣೆನೇ ಹತ್ರ, ಅದು ಅಲ್ಲಿಂದಲೇ ಹೋಗೋ ಊರು ಅಂತ ಚಿಕ್ಕಮ್ಮನೇ ಹೇಳಿದ್ರು.

ಮೊದಲ ದಿನ ದೊಡ್ಡಗದ್ದವಳ್ಳಿ. ಬೀಗ ಹಾಕಿತ್ತು. ಕೇಳಿದ್ರೆ ಕಾಯೋರು ಗದ್ದೆ ಕಡೆ ಹೋಗಿದಾರೆ ಬರ್ತಾರೆ ಅಂದ್ರು, ಮುಕ್ಕಾಲು ಗಂಟೆ ಕೆರೆ ಏರಿ ಮೇಲೆ ಕೂತಿದ್ವಿ. ಚಿಕ್ಕಪ್ಪ ಗಡಿಯಾರ ನೋಡ್ತಾ ಇದ್ರು, ಅಮ್ಮ ಮಾತ್ರ ಪಕ್ಕದಲ್ಲಿ ಬಟ್ಟೆ ಒಗೀತಿದ್ದೋರ ಜೊತೆ ಮಾತಿಗೆ ಕೂತು, ಅವ್ರ ತವರು ಆಲೂರು ಕಡೆ ಅಂತ ಗೊತ್ತಾಗಿ, ಯಾರ ಮಗಳು ಯಾರ ಸೊಸೆ ಎಲ್ಲಾ ಲೆಕ್ಕ ಹಾಕಿ, ಬೀಗ ತೆಗೆಯೋ ಹೊತ್ತಿಗೆ ನೆಂಟಸ್ತಿಕೆ ಹುಡುಕ್ಕೊಂಡಿದ್ರು. ಒಳಗೆ ಕತ್ತಲೆ, ಕಾಯೋರು ಟಾರ್ಚ್ ಬಿಟ್ಟಿದ್ದು ನೇರ ಬೇತಾಳದ ಮುಖಕ್ಕೆ. ಹುಡ್ಗ ಒಂದು ಹೆಜ್ಜೆ ಹಿಂದೆ ಬಂದ. ಆಮೇಲೆ ಎರಡು ಹೆಜ್ಜೆ ಮುಂದೆ ಹೋಗಿ ಪಕ್ಕೆಲುಬು ಎಣಿಸಿದ. ಎಷ್ಟು ಅಂತ ನಂಗೆ ಹೇಳಿದ್ದ, ಮರ್ತೋಯ್ತು.

ಕೋರವಂಗಲ ನೋಡಿದ್ವಿ, ಮೊಸಳೆ ಬಿಟ್ವಿ, ತಂಗಿ ಕೋರವಂಗಲದಿಂದ ಎದ್ದೇ ಬರ್ಲಿಲ್ಲ. ಹಳೇಬೀಡು, ಬಸದಿಹಳ್ಳಿ, ಬೆಳವಾಡಿ ಒಂದು ದಿನ, ಬೇಲೂರು ಇನ್ನೊಂದು ಸಂಜೆ ನಾಲ್ಕರ ಮೇಲೆ. ಯಗಚಿ ಸಾರ್, ಹಲ್ಲಿ ಸಿಕ್ತು. ಹುಡುಕಿದ್ದು ಅಮ್ಮ. ಮೆಟ್ಲು ಹತ್ತಕ್ಕೆ ಆಗಲ್ಲ ಅಂತ ಜಗತಿ ಕೆಳಗೆ ನಿಂತು ಕತ್ತೆತ್ತಿ ನೋಡ್ತಿದ್ರಲ್ಲ, ಅಲ್ಲಿಂದಲೇ ಕಾಣ್ತಂತೆ, ನಾವು ಐದೂ ಜನ ಮೇಲೆ ಸುತ್ತು ಹೊಡೀತಿದ್ವಿ. ಬಸವಣ್ಣಂಗೆ ನಾನೂ ಹೇಳಲ್ಲ.

ಗಿರಿಗೆ ಬುಧವಾರ ಹೋದ್ವಿ, ಏನೂ ಕಾಣ್ಲಿಲ್ಲ, ಪೂರ್ತಿ ಮಂಜು, ಹತ್ತು ಅಡಿ ಮುಂದಿನ ಗಾಡಿ ಕಾಣ್ತಿರ್ಲಿಲ್ಲ. ಚಿಕ್ಕಮ್ಮ ಮಾತ್ರ ಇದೇ ಚೆನ್ನಾಗಿದೆ ಅಂತ ಸೀತಾಳಯ್ಯನಗಿರೀಲಿ ಎರಡು ಲೋಟ ಕಾಫಿ ಕುಡಿದ್ರು, ಪುಡಿ ಎರಡು ಕೆಜಿ ಕಟ್ಟಿಸ್ಕೊಂಡ್ರು, ಚಿಕೋರಿ ಕೇಳಿದ್ವಿ. ಬೆಳಗೊಳಕ್ಕೆ ಅಮ್ಮ ಡೋಲಿ ಬೇಡವೇ ಬೇಡ ಅಂದ್ರು, ನನ್ನನ್ನ ನಾಲ್ಕು ಜನ ಹೊರೋದು ಒಂದೇ ಸಲ ಸಾಕು ಅಂತ. ಅಕ್ಕನ ಬಸದೀಲಿ ಕೂತಿದ್ರು. ಮೇಲೆ ಆ ಮರಾಠಿ ಸಾಲು ಹುಡ್ಗ ತಡವರಿಸಿ ತಡವರಿಸಿ ಓದಿದಾಗ ಚಿಕ್ಕಪ್ಪ ಅಲ್ಲೇ ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದಾರೆ, ಹಿಂದೆ ನಾನು ಬಿಸಿಗೆ ಕಾಲು ಎತ್ತಿ ಎತ್ತಿ ಇಡ್ತಿರೋದೂ ಅದ್ರಲ್ಲಿ ಬಂದಿದೆ. ಸಾಕ್ಸ್ ಗಾಡೀಲಿ ಮರ್ತಿದ್ದೆ.

ಟ್ರೈನ್ ಆಗ್ಲಿಲ್ಲ, ಟಿಕೆಟ್ ಸಿಗ್ಲಿಲ್ಲ.

ಈಗ ಬಾಗಲಕೋಟಿಯವ್ರನ್ನ ಕೇಳೋದಿದೆ. ಅವ್ರೆಲ್ಲ ಹೋದ ಮೇಲೆ ಅಮ್ಮ ಸುಮ್ನೆ ಕೂತಿದ್ದೋರು ಆ ರೊಟ್ಟಿ ಬುಟ್ಟಿ ಊರು ಯಾವ್ದು ಅಂದ್ರು. ಡಿಸೆಂಬರ್‌ನಲ್ಲಿ ನಾವಿಬ್ರೇ ಬರೋಣ ಅಂತಿದೀವಿ. ಗವಿಗೆ ಮೆಟ್ಲು ಎಷ್ಟಿದೆ, ನಿಜ ಹೇಳಿ.

ಬಾಗಲಕೋಟಿ ರೊಟ್ಟಿ:

ಮೆಟ್ಲ ಅದಾವ್ರಿ, ಸುಳ್ಳ ಯಾಕ ಹೇಳ್ಲಿ. ಮೊದಲನೇ ಗವಿಗೆ ಕಮ್ಮಿ, ಅಲ್ಲೇ ಹದಿನೆಂಟು ಕೈ ನಟರಾಜ ಅದಾನ, ಅವ್ವಾರಿಗೆ ಅಷ್ಟ ಸಾಕು. ಮ್ಯಾಲಿನೂ ಮೂರು ನೀವೊಬ್ಬರ ಓಡಿ ನೋಡ್ಕೊಂಡು ಬರ್ರಿ. ಪಟ್ಟದಕಲ್ಲ ಪೂರಾ ಸಪಾಟ ಐತಿ, ಅಲ್ಲಿ ಅವ್ವಾರನ್ನ ಅರ್ಧ ದಿನ ತಿರುಗಾಡಿಸ್ರಿ. ಲೋವರ್ ಬರ್ತ್ ಈಗ ಮಾಡಿಸ್ರಿ, ಆಮ್ಯಾಲೆ ಸಿಗೂದಿಲ್ಲ. ಮತ್ತ ಬನಶಂಕರಿಗೆ ಬರೂವಾಗ ಹೊಟ್ಟಿ ಖಾಲಿ ಇಟ್ಕೊಂಡು ಬರ್ರಿ.